ಹೊಗೆ ಗಂಟೆಯ ಬಾಯಿ ಕಟ್ಟಬೇಡಿ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ರಜೆ, ಬೋನಸ್ಸಿನ ಮಾತನ್ನು ಇಲ್ಲಿ ಎಲ್ಲರೂ ಆಡುತ್ತಾರೆ. ನಾನು ಈ ದಿನ ನಮ್ಮ ನಿದ್ದೆಯ ವಿಷಯ ಅರಿಕೆ ಮಾಡಲು ನಿಂತಿದ್ದೇನೆ.

2018ನೇ ಇಸವಿ ಜನವರಿ 8ರ ನಸುಕಿನಲ್ಲಿ ಬೆಂಗಳೂರು ಕಲಾಸಿಪಾಳ್ಯದ ಕೈಲಾಶ್ ಬಾರ್ ಅಂಡ್ ರೆಸ್ಟೋರೆಂಟಿಗೆ ಬೆಂಕಿ ಬಿತ್ತು. ಕೆಲಸ ಮುಗಿಸಿ ಒಳಗೇ ಮಲಗಿದ್ದ ಐದು ಮಂದಿ ಕೆಲಸಗಾರರು ತೀರಿಕೊಂಡರು. ಅದಕ್ಕೆ ಮೂರು ವಾರ ಮೊದಲು, ಮುಂಬಯಿಯ ಸಾಕಿನಾಕಾದಲ್ಲಿ ಒಂದು ಫರ್ಸಾಣ್ ಅಂಗಡಿ ಹೊತ್ತಿ 12 ಮಂದಿ ಹೋದರು. ಅದೂ ನಸುಕಿನಲ್ಲೇ. ನಮ್ಮ ಟಿ. ನಗರದಲ್ಲಿ 2017ರ ಮೇ 31ರಂದು ಚೆನ್ನೈ ಸಿಲ್ಕ್ಸ್ ಕಟ್ಟಡ ಬೆಳಗಿನ ಜಾವ ಹೊತ್ತಿಕೊಂಡದ್ದು ನಿಮಗೆ ನೆನಪಿರಬಹುದು. ಮೇಲಿನ ಮಹಡಿಯಲ್ಲಿದ್ದ ನೌಕರರನ್ನು ಅಗ್ನಿಶಾಮಕ ದಳದವರು ಇಳಿಸಿದ್ದರಿಂದ ಅವರ ಜೀವ ಉಳಿಯಿತು. ಕಟ್ಟಡ ಉಳಿಯಲಿಲ್ಲ.

ಬೆಂಕಿಗಿಂತ ಮುಂಚೆ ಕೊಲ್ಲುವುದು ಹೊಗೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹಾಡುಹಗಲೇ ಹೊಗೆ ತುಂಬಿ ಒಂಬತ್ತು ಜನ ಸತ್ತರು. ಕೆಲವರು ಉಸಿರು ಕಟ್ಟಿ ಮೇಲಿನಿಂದ ಹಾರಿದರು. ಎಚ್ಚರವಿದ್ದವರ ಗತಿಯೇ ಹೀಗಾದರೆ, ಹದಿನಾಲ್ಕು ತಾಸು ದುಡಿದು ಅಟ್ಟದ ಮೇಲೆ ಮಲಗಿದ ಹುಡುಗನ ಪಾಡೇನು? ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ನಿದ್ದೆಯಲ್ಲಿ ಮೂಗೂ ಮಲಗಿರುತ್ತದೆ. ಸದ್ದಿಗೆ ಮಾತ್ರ ಎಚ್ಚರವಾಗುತ್ತದೆ. ಅದಕ್ಕಾಗಿಯೇ ಸ್ಮೋಕ್ ಅಲಾರಂ ಎಂಬ ಆ ಸಣ್ಣ ಡಬ್ಬಿ.

ಕೆಲವು ಯಜಮಾನರು ಅದನ್ನು ಹಾಕಿಸಿದ್ದಾರೆ. ಹಾಕಿಸಿದ ಕಡೆಯ ಕಥೆ ಕೇಳಿ. ಒಗ್ಗರಣೆಗೆ ಮೆಣಸು ಬಿದ್ದ ಕೂಡಲೇ ಅದು ಕೂಗುತ್ತದೆ. ಭಟ್ಟರಿಗೆ ಸಿಟ್ಟು ಬಂದು ಪ್ಲಾಸ್ಟಿಕ್ ಚೀಲ ಕಟ್ಟುತ್ತಾರೆ, ಇಲ್ಲವೇ ಬ್ಯಾಟರಿ ಕಿತ್ತಿಡುತ್ತಾರೆ. ಭಟ್ಟರನ್ನು ಬೈದು ಫಲವಿಲ್ಲ, ತಪ್ಪಿರುವುದು ಜಾಗದಲ್ಲಿ. ಒಲೆಯ ಬಳಿ ಬೇಕಾದದ್ದು ಶಾಖಕ್ಕೆ ಕೂಗುವ ಬೇರೆ ಜಾತಿಯ ಅಲಾರಂ. ಹೊಗೆಯದು ಮಲಗುವ ಜಾಗದಲ್ಲಿ, ಮೆಟ್ಟಿಲ ತಲೆಯಲ್ಲಿ, ಸೂರಿಗೆ ಅಂಟಿಕೊಂಡಿರಬೇಕು, ಏಕೆಂದರೆ ಹೊಗೆ ಮೇಲಕ್ಕೇರುತ್ತದೆ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲೇ ಹರಿಯುತ್ತದೆ. ಅದರ ಅಲಾರಂ ನೆಲದ ಹತ್ತಿರ ಬೇರೆಯೇ ಇರಬೇಕು.

ತಿಂಗಳಿಗೊಮ್ಮೆ ಪೊರಕೆಯ ಕೋಲಿನಿಂದ ಗುಂಡಿ ಒತ್ತಿ ನೋಡಿ. ಕೂಗದಿದ್ದರೆ ಬ್ಯಾಟರಿ ಬದಲಿಸಿ. ನಡುನಡುವೆ ಚಿಂವ್ ಚಿಂವ್ ಎಂದರೆ ಬ್ಯಾಟರಿ ಮುಗಿಯುತ್ತ ಬಂದಿದೆ ಎಂದರ್ಥ. ಹಲ್ಲಿ ಎಂದುಕೊಂಡು ಮಗ್ಗುಲು ತಿರುಗಬೇಡಿ. ಧೂಳು, ಜಿಡ್ಡು ಕೂತರೆ ಅದಕ್ಕೆ ಕಣ್ಣು ಕಾಣುವುದಿಲ್ಲ. ಹೊರಗಡೆ ಒಣಬಟ್ಟೆಯಿಂದ ಒರಸಿ, ನೀರು ತಾಗಿಸಬೇಡಿ. ಗಿರಣಿಯವರು ಹತ್ತಿಯ ಜುಂಗಿನಿಂದಾಗಿ ಇದನ್ನು ಇನ್ನೂ ಬೇಗಬೇಗ ಮಾಡಬೇಕು. ಹತ್ತು ವರ್ಷವಾದರೆ ಡಬ್ಬಿಯನ್ನೇ ಬದಲಿಸಬೇಕು. ತಯಾರಾದ ತಾರೀಖು ಅದರ ಬೆನ್ನ ಮೇಲಿರುತ್ತದೆ.

ಇದರ ಖರ್ಚು ಯಾರದು ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ. ಮಲಗಿಸಿಕೊಂಡವರದು. ರಾತ್ರಿ ಒಳಗೆ ಮಲಗುವವನು ಗಲ್ಲಾಪೆಟ್ಟಿಗೆಗೂ ಕಾವಲಿದ್ದಂತೆ ಎಂಬುದು ಯಜಮಾನರಿಗೂ ಗೊತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ಬೀಗ. ಷಟರಿಗೆ ಹೊರಗಿನಿಂದ ಬೀಗ ಜಡಿದರೆ ಅಲಾರಂ ಎಬ್ಬಿಸಿಯೂ ಏನು ಮಾಡುವುದು? ಒಂದು ಬೀಗದ ಕೈ ಒಳಗೇ ಮೊಳೆಗೆ ತೂಗಬೇಕು. ಯಜಮಾನರಿಗೆ ಕೊಡುವ ಮನವಿಯಲ್ಲಿ ಇದನ್ನೇ ಮೊದಲನೆಯ ಬೇಡಿಕೆಯಾಗಿ ಬರೆದಿದೆ. ಓದಿ, ನಿಮ್ಮ ನಿಮ್ಮ ಹೋಟೆಲಿನಲ್ಲಿ ರಾತ್ರಿ ಎಷ್ಟು ಜನ ಮಲಗುತ್ತೀರಿ ಎಂಬುದನ್ನು ಬರೆದು ಸಹಿ ಹಾಕಿ. ಕಾಗದ ಬಾಗಿಲ ಬಳಿಯ ಮೇಜಿನ ಮೇಲಿದೆ.