ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ

(ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಇಂಜಿನಿಯರ್ ಅಲ್ಲ, ಪಿಯುಸಿ ಓದಿದವನು. ಪ್ರೆಸ್ ನಡೆಸುವವನಿಗೆ ಯಂತ್ರ ಕೆಟ್ಟರೆ ಆ ದಿನದ ಅನ್ನ ಕೆಟ್ಟಂತೆ. ಹಾಗಾಗಿ ಕಂಪ್ಯೂಟರಿನ ಕಾಯಿಲೆ ಕಲಿಯಲೇಬೇಕಾಯಿತು.

ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ, ನೀಲಿ ಪರದೆ ಬರುತ್ತದೆ, ತಾನಾಗಿ ರೀಸ್ಟಾರ್ಟ್ ಆಗುತ್ತದೆ. ರಿಪೇರಿಯವನನ್ನು ಕರೆದರೆ ಅವನ ಮೊದಲ ಮಾತು ಏನು? "ಸಾರ್, ಕನ್ನಡ ಸಾಫ್ಟ್‌ವೇರ್ ಹಾಕಿದ್ದೀರಲ್ಲ, ಅದನ್ನು ತೆಗೀರಿ, ಸರಿಹೋಗುತ್ತೆ!" ತಪಾಸಣೆ ಇಲ್ಲ, ಪುರಾವೆ ಇಲ್ಲ, ನೇರ ತೀರ್ಪು. ಕಚೇರಿಯಾದರೆ ಮುಂದಿನ ಮಾತು "ಸದ್ಯಕ್ಕೆ ಇಂಗ್ಲಿಷಿನಲ್ಲೇ ಟೈಪ್ ಮಾಡಿ". ಆ 'ಸದ್ಯಕ್ಕೆ' ಎಂದೂ ಮುಗಿಯುವುದಿಲ್ಲ. ಕೆಟ್ಟದ್ದು ಯಂತ್ರದ ಬಿಡಿಭಾಗ, ಹೊರಬಿದ್ದದ್ದು ಕನ್ನಡ!

ಯಂತ್ರಕ್ಕೆ ಭಾಷೆ ಗೊತ್ತಿಲ್ಲ

ರ‍್ಯಾಮ್‌ಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಅದು ಬಲ್ಲದ್ದು ಸೊನ್ನೆ ಮತ್ತು ಒಂದು. ಯೂನಿಕೋಡಿನಲ್ಲಿ 'ಔ' ಅಕ್ಷರದ ಸಂಕೇತಕ್ಕೂ 'ಕ' ಅಕ್ಷರದ ಸಂಕೇತಕ್ಕೂ ಕೊನೆಯ ಒಂದೇ ಬಿಟ್ ವ್ಯತ್ಯಾಸ. ಕೆಟ್ಟ ರ‍್ಯಾಮ್ ಆ ಒಂದನ್ನು ಸೊನ್ನೆ ಮಾಡಿದರೆ ನಿಮ್ಮ 'ಕನ್ನಡ' 'ಔನ್ನಡ' ಆಗುತ್ತದೆ. ಅದೇ ತಪ್ಪು ವಿಂಡೋಸಿನ ಒಳಗಿನ ಆದೇಶದಲ್ಲಿ ನಡೆದರೆ ಇಡೀ ಯಂತ್ರವೇ ಮಲಗುತ್ತದೆ. ಇದರಲ್ಲಿ ಕನ್ನಡದ ಅಪರಾಧವೇನು?

ದೊಡ್ಡವರೂ ಹೀಗೇ ದಾರಿ ತಪ್ಪಿದ್ದಾರೆ. ಇಂಟೆಲ್ ಕಂಪನಿಯ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಹಾಕಿದ್ದ ಎಷ್ಟೋ ಯಂತ್ರಗಳಲ್ಲಿ ಆಟಗಳು ನಡುವೆ ನಿಲ್ಲುತ್ತಿದ್ದವು. ಪರದೆಯ ಮೇಲೆ "ವೀಡಿಯೋ ಮೆಮೊರಿ ಸಾಲದು" ಎಂಬ ಸಂದೇಶ. ಜನ ಆಟವನ್ನು ಬೈದರು, ಗ್ರಾಫಿಕ್ಸ್ ಕಾರ್ಡನ್ನು ಬೈದರು. 2024ರಲ್ಲಿ ಇಂಟೆಲ್ ಒಪ್ಪಿಕೊಂಡಿತು: ಪ್ರೊಸೆಸರಿಗೆ ಮಿತಿಮೀರಿದ ವೋಲ್ಟೇಜ್ ಹೋಗಿ ಅದೇ ಹಾಳಾಗುತ್ತಿತ್ತು! ವಾರಂಟಿಯನ್ನು 2 ವರ್ಷ ಹೆಚ್ಚಿಸಬೇಕಾಯಿತು. ಪರದೆ ಹೇಳಿದ್ದೆಲ್ಲ ನಿಜವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಪತ್ತೆ ಮಾಡುವ ದಾರಿ

ಮೊದಲು ನಿಮ್ಮ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ. ಆಮೇಲೆ ಒಂದು ನೋಟ್‌ಬುಕ್ ಇಡಿ. ಯಂತ್ರ ಯಾವಾಗ ನಿಂತಿತು, ಆಗ ಏನು ಮಾಡುತ್ತಿದ್ದಿರಿ, ಎಲ್ಲ ಬರೆಯಿರಿ. ಪ್ರತಿ ಸಲ ಅದೇ ಫೈಲು, ಅದೇ ಕೆಲಸದಲ್ಲಿ ನಿಂತರೆ ಅನುಮಾನ ಸಾಫ್ಟ್‌ವೇರಿನ ಮೇಲೆ. ಒಮ್ಮೆ ಟೈಪ್ ಮಾಡುವಾಗ, ಒಮ್ಮೆ ಹಾಡು ಕೇಳುವಾಗ, ಒಮ್ಮೆ ಸುಮ್ಮನಿದ್ದಾಗ ನಿಂತರೆ ಅನುಮಾನ ಹಾರ್ಡ್‌ವೇರಿನ ಮೇಲೆ.

ಇದನ್ನು ಗಟ್ಟಿ ಮಾಡಿಕೊಳ್ಳಲು ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಯಂತ್ರ ಚಾಲೂ ಮಾಡಿ, ಕೆಲವು ಗಂಟೆ ಕೆಲಸ ಕೊಡಿ. ಅಲ್ಲಿ ನಿಮ್ಮ ನುಡಿಯೂ ಇಲ್ಲ, ಬರಹವೂ ಇಲ್ಲ, ವಿಂಡೋಸೂ ಇಲ್ಲ. ಆಗಲೂ ಹಾಗೇ ನಿಂತರೆ ಕನ್ನಡ ಸಾಫ್ಟ್‌ವೇರ್ ನಿರ್ದೋಷಿ!

ಇನ್ನು ಬಿಡಿಭಾಗಗಳು. ಬೆಳಿಗ್ಗೆ ಚೆನ್ನಾಗಿದ್ದು, ಗಂಟೆ ಕಳೆದಂತೆ ನಿಲ್ಲುತ್ತದೆಯೇ? ಕಾವು ನೋಡಿ. ಕಾಗದದ ಧೂಳು ಫ್ಯಾನಿಗೆ ಮೆತ್ತಿಕೊಂಡಿರುತ್ತದೆ.

ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್ 86 ಪ್ಲಸ್ ಎಂಬ ಪುಕ್ಕಟೆ ಸಾಧನವಿದೆ. ಪೆನ್‌ಡ್ರೈವಿನಿಂದ ಹಾಕಿ ಇಡೀ ರಾತ್ರಿ ಬಿಡಿ. ಒಂದೇ ಒಂದು ತಪ್ಪು ತೋರಿಸಿದರೂ ಕಡೆಗಣಿಸಬೇಡಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ಜಾಗ ಬದಲಿಸಿ ನೋಡಿ. ತಪ್ಪು ರ‍್ಯಾಮ್ ಜೊತೆ ಹೋದರೆ ರ‍್ಯಾಮ್ ಕೆಟ್ಟಿದೆ. ಜಾಗದಲ್ಲೇ ಉಳಿದರೆ ಮದರ್‌ಬೋರ್ಡ್ ಕೆಟ್ಟಿದೆ.

ನೀಲಿ ಪರದೆಯೂ ಇಲ್ಲದೆ ದೀಪ ಆರಿದಂತೆ ಆರಿದರೆ ಎಸ್‌ಎಂಪಿಎಸ್ ಕಡೆ ನೋಡಿ. 12 ವೋಲ್ಟಿನ ತಂತಿ 11.4ರಿಂದ 12.6ರ ಒಳಗಿರಬೇಕು. ಆದರೆ ಕ್ಷಣಾರ್ಧದ ಕುಸಿತವನ್ನು ಮಲ್ಟಿಮೀಟರ್ ಹಿಡಿಯುವುದಿಲ್ಲ. ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡುವುದೇ ಸರಿಯಾದ ಪರೀಕ್ಷೆ. ಅದನ್ನು ಬಿಚ್ಚಲು ಮಾತ್ರ ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಯುಪಿಎಸ್‌ಗೆ ಸಿಕ್ಕಿಸಬೇಡಿ. ಅದು ಬಿಸಿಯಾಗುವಾಗ ಎಳೆಯುವ ವಿದ್ಯುತ್ತಿಗೆ ಯುಪಿಎಸ್ ಸೋತು ಕಂಪ್ಯೂಟರನ್ನೂ ಬೀಳಿಸುತ್ತದೆ. ಆಗಲೂ ಬೈಗುಳ ಕನ್ನಡದ ಫಾಂಟಿಗೇ!

ಒಂದು ನಿಯಮ ಮರೆಯಬೇಡಿ: ಒಂದು ಸಲಕ್ಕೆ ಒಂದೇ ಬದಲಾವಣೆ. ರ‍್ಯಾಮ್, ಎಸ್‌ಎಂಪಿಎಸ್, ವಿಂಡೋಸ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಂತ್ರ ಸರಿಹೋಗಬಹುದು, ಆದರೆ ಕಳ್ಳ ಯಾರೆಂದು ತಿಳಿಯುವುದಿಲ್ಲ. ಮೂರರ ದುಡ್ಡೂ ನಿಮ್ಮ ಜೇಬಿನದೇ.

ನ್ಯಾಯ ಎಲ್ಲರಿಗೂ ಒಂದೇ

ಕನ್ನಡ ಸಾಫ್ಟ್‌ವೇರಿನಲ್ಲಿ ದೋಷವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆಯಲ್ಲಿ ದೋಷ ಅಲ್ಲೇ ಎಂದು ಕಂಡರೆ ಯಾವ ಫೈಲು, ಯಾವ ಹೆಜ್ಜೆ ಎಂದು ಬರೆದು ತಯಾರಿಸಿದವರಿಗೆ ಕಳಿಸಿ. ಅದೂ ಕನ್ನಡದ ಕೆಲಸವೇ. ಆದರೆ ವಿಚಾರಣೆ ಇಲ್ಲದ ಶಿಕ್ಷೆಯನ್ನು ನಾವು ಒಪ್ಪಬಾರದು.

ಇನ್ನು ಮುಂದೆ "ಕನ್ನಡ ತೆಗೀರಿ" ಎಂದವನನ್ನು ಗದರಿಸಬೇಡಿ, ಜಗಳ ಬೇಡ. ಎರಡೇ ಪ್ರಶ್ನೆ ಕೇಳಿ: ಯಾವ ಭಾಗ ಪರೀಕ್ಷೆ ಮಾಡಿದಿರಿ? ಏನು ಕಂಡಿತು? ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಕನ್ನಡದಲ್ಲೇ ಬರೆಸಿಕೊಳ್ಳಿ. ನಿಮ್ಮಲ್ಲಿ ಕಂಪ್ಯೂಟರ್ ಬಲ್ಲವರು ತಿಂಗಳಿಗೊಂದು ಭಾನುವಾರ ಪಕ್ಕದ ಶಾಲೆಗೆ, ವಾಚನಾಲಯಕ್ಕೆ ಪೆನ್‌ಡ್ರೈವ್ ಹಿಡಿದು ಹೋಗಿ. ಮೂಲೆಗೆ ಬಿದ್ದ ಒಂದು ಯಂತ್ರ ಎದ್ದು ನಿಂತು ಕನ್ನಡ ಅಚ್ಚು ಹಾಕಿದರೆ ನೂರು ಘೋಷಣೆಗಿಂತ ಹೆಚ್ಚು ಕೆಲಸವಾದಂತೆ.

ಸಿರಿಗನ್ನಡಂ ಗೆಲ್ಗೆ!