ತನ್ನ ಕಲೆಯನ್ನು ಕುರಿತು ಸಭೆಯಲ್ಲಿ ಮಾತನಾಡುವ ಬಗೆ
(ಪಂಚಕಲ್ಯಾಣ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)



ಕಾವ್ಯವಾಚನ ಮಾಡುವ ನಾನು ಆ ಗಮಕಕಲೆಯ ವಿಷಯವಾಗಿ ನಾಲ್ಕು ಮಾತುಗಳನ್ನೂ ಆಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ವಾಚಿಸುವುದಕ್ಕಿಂತ ಇದು ಕಠಿಣವಾದ ಕಾರ್ಯ. ತನ್ನ ಕಲೆಯನ್ನು ತಾನೇ ವಿವರಿಸುವಾಗ ಮಾನಕಷಾಯವು ಬಾಗಿಲಲ್ಲೇ ಕಾದಿರುತ್ತದೆ. ಹಾಗೆಂದು ಸುಮ್ಮನಿದ್ದರೆ ಕಲೆಯು ನಮ್ಮೊಡನೆಯೇ ಮುಗಿದುಹೋಗುತ್ತದೆ.

ನಮ್ಮ ಪೂರ್ವಿಕರು ಎರಡು ದಾರಿಗಳನ್ನು ತೋರಿದ್ದಾರೆ. ಕ್ರಿ.ಶ. 634ರಲ್ಲಿ ಐಹೊಳೆಯ ಮೇಗುಟಿ ಜಿನಾಲಯವನ್ನು ಕಟ್ಟಿಸಿದ ರವಿಕೀರ್ತಿಯು, ಅಲ್ಲಿಯ ಶಾಸನದಲ್ಲಿಯೇ ತನ್ನ ಕವಿಕೀರ್ತಿಯು ಕಾಳಿದಾಸ ಭಾರವಿಗಳಿಗೆ ಸಮವೆಂದು ಹೇಳಿಕೊಂಡನು. ಆ ಮಾತಿನಿಂದಲೇ ಅವರಿಬ್ಬರೂ 634ಕ್ಕಿಂತ ಹಿಂದಿನವರೆಂಬುದು ವಿದ್ವಾಂಸರಿಗೆ ಖಚಿತವಾದುದರಿಂದ ಅದೂ ವ್ಯರ್ಥವಾಗಲಿಲ್ಲ. 941ರಲ್ಲಿ ಆದಿಪುರಾಣವನ್ನು ಮುಗಿಸಿದ ಪಂಪನಾದರೋ, ತನ್ನ ಎರಡು ಕೃತಿಗಳಲ್ಲಿ ಒಂದು ಜಿನಾಗಮಕ್ಕೆ, ಇನ್ನೊಂದು ಲೌಕಿಕಕ್ಕೆ ಮೀಸಲೆಂದು ತಿಳಿಸಿದನು. ಇಲ್ಲಿ ಕೃತಿಯ ಉದ್ದೇಶವೂ ಸ್ಪಷ್ಟವಾಗಿದೆ. ನಮಗೆ ಅನುಕರಣೀಯವಾದುದು ಈ ಮಾರ್ಗ.

ಭಾಷಣದ ಸಿದ್ಧತೆಯಲ್ಲಿ ಮೊದಲನೆಯದು, ಒಂದೇ ಪ್ರಸಂಗವನ್ನು ಆರಿಸಿಕೊಳ್ಳುವುದು. ನಾನು ಆರಿಸುವುದು ಆದಿಪುರಾಣದ ನೀಲಾಂಜನೆಯ ನೃತ್ಯವನ್ನು. ವೃಷಭಸ್ವಾಮಿಯ ಆಸ್ಥಾನದಲ್ಲಿ ನರ್ತಿಸುತ್ತಿರುವಾಗಲೇ ಆಕೆಯ ಆಯುಷ್ಯ ತೀರುತ್ತದೆ. ರಸಭಂಗವಾಗದಂತೆ ಇಂದ್ರನು ಅಂಥದೇ ಇನ್ನೊಂದು ರೂಪವನ್ನು ಆ ಕ್ಷಣವೇ ನಿಲ್ಲಿಸುತ್ತಾನೆ. ಸಭೆಗೆ ಅದು ತಿಳಿಯುವುದಿಲ್ಲ. ಸ್ವಾಮಿಗೆ ತಿಳಿದು ವೈರಾಗ್ಯವು ಮೂಡುತ್ತದೆ. ವಾಚಕನು ಆಕೆ ಮಾಯವಾದೊಡನೆ ಶೋಕದ ರಾಗವನ್ನು ಹಿಡಿದರೆ, ಆಸ್ಥಾನಕ್ಕೇ ತಿಳಿಯದ ಸಾವನ್ನು ಸಾರಿದಂತಾಗುತ್ತದೆ. ಆದುದರಿಂದ ನೃತ್ಯದ ರಾಗವನ್ನೇ ಮುಂದುವರಿಸಿ, ಸ್ವಾಮಿಯ ಮನಸ್ಸಿನ ಮಾತು ಬಂದಾಗ ಮಾತ್ರ ಬದಲಿಸುತ್ತೇನೆ. ಹೀಗೇಕೆ ಎಂಬುದನ್ನು ಹೇಳುವುದೇ ಕಲೆಯ ಭಾಷಣ. ತನ್ನ ಕಂಠವನ್ನೂ ಪಡೆದ ಶಾಲುಗಳನ್ನೂ ವರ್ಣಿಸುವುದಲ್ಲ.

ಎರಡನೆಯದು, ಪದಗಳನ್ನು ಬಿಡಿಸಿ ಓದಿ ಅರ್ಥ ಹೇಳಿದ ಬಳಿಕವೇ ರಾಗದಲ್ಲಿ ವಾಚಿಸುವುದು. ಗಮಕಕ್ಕೆ ತಾಳದ ಬಂಧನವಿಲ್ಲ. ಅರ್ಥ ನಿಲ್ಲುವಲ್ಲಿ ಕಂಠವೂ ನಿಲ್ಲಬಹುದು. ಸಂಗೀತಕ್ಕೂ ಇದಕ್ಕೂ ಇರುವ ಭೇದವನ್ನು ಹೀಗೆ ಕಿವಿಗೇ ತೋರಿಸಬೇಕು.

ಮೂರನೆಯದು, ಕೇಳುವವರನ್ನು ಅರಿಯುವುದು. ಪೀಣ್ಯದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿದವರು, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಂಪ್ಯೂಟರ್ ಕಚೇರಿಗಳ ತರುಣರು, ಮನೆಯಲ್ಲಿ ಹಿಂದಿ, ಮಾರವಾಡಿ ಆಡುವ ಸಹಧರ್ಮಿಗಳು, ಎಲ್ಲರೂ ಎದುರಿಗಿರುತ್ತಾರೆ. ಅವರಿಗೆ ಹಳಗನ್ನಡ ಬಾರದೆಂಬುದು ಅವರ ದೋಷವಲ್ಲ. ಇಪ್ಪತ್ತು ನಿಮಿಷಗಳನ್ನು ಮೀರದೆ, ಕೊನೆಗೆ ಪ್ರಶ್ನೆಗಳಿಗೂ ಅವಕಾಶವಿರಿಸಬೇಕು. ಹಿತ, ಮಿತ, ಪ್ರಿಯ ಎಂದು ಭಾಷಾಸಮಿತಿಯು ವಿಧಿಸುವುದೂ ಇದನ್ನೇ.

ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಇಂದು ಅಚ್ಚಾದ ಪ್ರತಿಗಳಿಗೆ ಬರವಿಲ್ಲ. ಓದಿ ಹೇಳುವವರಿಗೆ ಬರವಿದೆ. ಇಂದು ಪ್ರತಿಷ್ಠೆಗೊಂಡ ಈ ಬಸದಿಯಲ್ಲಿ ಪ್ರತಿ ಭಾನುವಾರ ಒಬ್ಬ ತರುಣನೋ ತರುಣಿಯೋ ಒಂದು ಪದ್ಯವನ್ನು ಓದಿ, ತನಗೆ ತಿಳಿದ ಅರ್ಥವನ್ನು ಹೇಳುವ ಪದ್ಧತಿಯು ನೆಲೆಗೊಳ್ಳಲೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.

ಜೈನಂ ಜಯತು ಶಾಸನಮ್.