ರೈತನ ಕೈಯಲ್ಲಿ ಮೊಬೈಲ್: ಬಳಕೆ, ಕಾವಲು ಮತ್ತು ಆಟ

(ಔರಾದ ತಾಲ್ಲೂಕಿನ ಚಿಂತಾಕಿಯಲ್ಲಿ ರೈತರ ಸಭೆಯೊಂದರಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರೊಬ್ಬರು ಮಾಡಿದ ಭಾಷಣ)



ಬೇಸಾಯಶಾಸ್ತ್ರ ಕಲಿಸುವವನು ಸೋಯಾಬೀನಿನ ಬೀಜೋಪಚಾರವನ್ನೋ ತೊಗರಿಯ ಸಾಲಿನ ಅಂತರವನ್ನೋ ಬಿಟ್ಟು ಮೊಬೈಲ್ ಫೋನಿನ ವಿಷಯ ಎತ್ತಿಕೊಂಡಿದ್ದಾನಲ್ಲ ಎಂದು ತಮಗೆ ಅನ್ನಿಸಬಹುದು. ಕಾರಣ ಸರಳವಾಗಿದೆ. ಇಂದು ಫೋನು ಕುಂಟೆ ಕೂರಿಗೆಗಳಂತೆಯೇ ಒಕ್ಕಲುತನದ ಒಂದು ಸಾಮಾನಾಗಿದೆ. 2000ನೇ ಇಸವಿಯ ಸುಮಾರಿಗೆ ‘ಭೂಮಿ’ ಯೋಜನೆಯಿಂದ ನಮ್ಮ ಪಹಣಿ ಗಣಕಯಂತ್ರಕ್ಕೆ ಏರಿತು. 2019ರಿಂದ ಪಿ.ಎಂ. ಕಿಸಾನ್ ಯೋಜನೆಯ 6000 ರೂಪಾಯಿ ವರ್ಷಕ್ಕೆ ಮೂರು ಕಂತುಗಳಲ್ಲಿ ನೇರವಾಗಿ ಖಾತೆಗೆ ಜಮೆಯಾಗತೊಡಗಿತು. 2020ರ ಮುಂಗಾರಿನಲ್ಲಿ ರೈತನೇ ತನ್ನ ಹೊಲದಲ್ಲಿ ನಿಂತು ಬೆಳೆಯ ಫೋಟೋ ತೆಗೆದು ಬೆಳೆ ಸಮೀಕ್ಷೆಯ ಆ್ಯಪ್‌ಗೆ ಸೇರಿಸುವ ಪದ್ಧತಿ ಬಂತು. ಬೆಳೆ ವಿಮೆ, ಫ್ರೂಟ್ಸ್ ನೋಂದಣಿ, ರಾಶಿ ಮಾರಿದ ಹಣ, ಎಲ್ಲವೂ ಈಗ ಒಂದು ಫೋನ್ ನಂಬರಿಗೆ ಗಂಟು ಬಿದ್ದಿವೆ.

ಆದರೆ ಕೂರಿಗೆ ಕಳುವಾದರೆ ಕೂರಿಗೆ ಮಾತ್ರ ಹೋಗುತ್ತದೆ. ಫೋನಿನ ಹಿಡಿತ ತಪ್ಪಿದರೆ ಆರು ತಿಂಗಳ ದುಡಿಮೆ ಆರು ನಿಮಿಷಗಳಲ್ಲಿ ಹೋಗಬಹುದು. ಆದುದರಿಂದ ಈ ಸಾಮಾನನ್ನು ಹೇಗೆ ಕೊಳ್ಳಬೇಕು, ಹೇಗೆ ಕಾಯಬೇಕು, ಅದರೊಳಗಿನ ಆಟಗಳನ್ನು ಹೇಗೆ ನೋಡಬೇಕು ಎಂಬ ಬಗ್ಗೆ ನನ್ನ ಕೆಲವು ಅಭಿಪ್ರಾಯಗಳನ್ನು ತಮ್ಮ ಮುಂದಿಡುತ್ತೇನೆ.

ಎಂಥ ಫೋನು ಬೇಕು?

ಹೊಸ ತಳಿಯ ಬೀಜ ಬಂದಾಗ ನಾವು ಚೀಲದ ಮೇಲಿನ ಚಿತ್ರ ನೋಡಿ ಕೊಳ್ಳುವುದಿಲ್ಲ. ನಮ್ಮ ಮಣ್ಣಿಗೆ, ನಮ್ಮ ಮಳೆಗೆ ಒಗ್ಗುತ್ತದೆಯೇ ಎಂದು ಕೇಳುತ್ತೇವೆ. ಫೋನಿಗೂ ಇದೇ ನ್ಯಾಯ. ಬೆಳೆ ಸಮೀಕ್ಷೆಯ ಫೋಟೋಕ್ಕೆ ಸಾಧಾರಣ ಕ್ಯಾಮರಾ ಸಾಕು. ಅಂಗಡಿಯವರು ಕ್ಯಾಮರಾದ ಅಂಕಿ ಹೇಳುವಾಗ ತಾವು ಬೇರೆ ಮೂರು ಪ್ರಶ್ನೆ ಕೇಳಬೇಕು. ಬಿಸಿಲಿನಲ್ಲಿ ಪರದೆಯ ಅಕ್ಷರ ಕಾಣುತ್ತದೆಯೇ? ಒಮ್ಮೆ ಚಾರ್ಜ್ ಮಾಡಿದರೆ ಕರೆಂಟಿಲ್ಲದ ದಿನವೂ ಬಾಳುತ್ತದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ತಯಾರಿಸಿದ ಕಂಪನಿ ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತದೆ?

ಈ ಅಪ್‌ಡೇಟ್ ಎಂದರೆ ಬೇಲಿಯಲ್ಲಿ ಕಂಡಿ ಬಿದ್ದ ಕಡೆ ಮತ್ತೆ ಮುಳ್ಳು ಬಡಿದಂತೆ. ಅಪ್‌ಡೇಟ್ ನಿಂತುಹೋದ ಹಳೆಯ ಫೋನಿನಲ್ಲಿ ಮಾತಾಡಬಹುದು, ಹಾಡು ಕೇಳಬಹುದು. ಅದರಲ್ಲಿ ಬ್ಯಾಂಕಿನ ವ್ಯವಹಾರ ಇಟ್ಟುಕೊಳ್ಳುವುದು ಒಳ್ಳೆಯದಲ್ಲ. ಹಳೆಯ ಫೋನನ್ನು ಮಾರುವ ಮುನ್ನ ಸಿಮ್ ಮತ್ತು ಮೆಮರಿ ಕಾರ್ಡ್ ತೆಗೆದು, ಒಳಗಿನದನ್ನೆಲ್ಲ ಪೂರ್ತಿ ಅಳಿಸಿ ಕೊಡಬೇಕು.

ಇನ್ನೊಂದು ಸಲಹೆ. ಬೆಳೆಸಾಲ ಮತ್ತು ಉಳಿತಾಯದ ದೊಡ್ಡ ಖಾತೆಯನ್ನು ಗುಂಡಿ ಒತ್ತುವ ಸಾದಾ ಫೋನಿನಲ್ಲಿರುವ ನಂಬರಿಗೆ ಜೋಡಿಸಿರಿ. ಅಂಥ ಫೋನಿಗೆ ಬರುವ ಒ.ಟಿ.ಪಿ.ಯನ್ನು ಕದ್ದು ಓದುವ ಆ್ಯಪ್ ಅದರೊಳಗೆ ಸೇರುವಂತಿಲ್ಲ. ಸ್ಮಾರ್ಟ್‌ಫೋನಿನ ಯು.ಪಿ.ಐ.ಗೆ ಬೇರೊಂದು ಸಣ್ಣ ಖಾತೆ ಇರಲಿ; ಸಂತೆಗೆ ಹೋಗುವಾಗ ಜೇಬಿನಲ್ಲಿ ಒಯ್ಯುವಷ್ಟೇ ಹಣ ಅದರಲ್ಲಿರಲಿ. ಸಾದಾ ಫೋನಿನಿಂದಲೇ ಹಣ ಕಳಿಸಬೇಕೆನ್ನುವವರಿಗೆ 2022ರ ಮಾರ್ಚ್‌ನಿಂದ ಯು.ಪಿ.ಐ. 123 ಪೇ ಎಂಬ ವ್ಯವಸ್ಥೆಯೂ ಬಂದಿದೆ. ಅಪ್ಪ, ಅವ್ವ, ಮಗ, ಸೊಸೆ ಎಲ್ಲರ ಖಾತೆಗೂ ಒಂದೇ ನಂಬರು ಕೊಟ್ಟಿರುವ ಮನೆಗಳು ಇವೆ. ಆ ಒಂದು ಫೋನು ಕೆಟ್ಟರೆ ಮನೆಯ ಎಲ್ಲ ಖಾತೆಗಳ ಬಾಗಿಲೂ ಒಮ್ಮೆಲೇ ತೆರೆಯುತ್ತದೆ ಎಂಬುದನ್ನು ಗಮನದಲ್ಲಿಡಬೇಕು.

ಕಳ್ಳ ಬರುವ ದಾರಿ

ಮನೆಗಳ್ಳ ಕನ್ನ ಕೊರೆಯುತ್ತಾನೆ. ಫೋನಿನ ಕಳ್ಳನಿಗೆ ಆ ಶ್ರಮವಿಲ್ಲ. ಅವನು ನಮ್ಮ ಕೈಯಿಂದಲೇ ಚಿಲಕ ತೆಗೆಸುತ್ತಾನೆ. ಅವನ ಎಲ್ಲ ಉಪಾಯಗಳ ಮೂಲ ಇಷ್ಟೇ. ಅವುಗಳಲ್ಲಿ ಹೆಚ್ಚು ನಡೆಯುತ್ತಿರುವ ನಾಲ್ಕನ್ನು ವಿವರಿಸುತ್ತೇನೆ.

1. ನಕಲಿ ಆ್ಯಪ್: ‘ಪಿ.ಎಂ. ಕಿಸಾನ್ ಕಂತು’, ‘ವಾಹನದ ದಂಡ’, ‘ಮದುವೆಯ ಆಮಂತ್ರಣ’ ಇಂಥ ಹೆಸರಿನಲ್ಲಿ ವಾಟ್ಸಾಪ್‌ಗೆ ಒಂದು ಕಡತ ಬರುತ್ತದೆ. ಹೆಸರಿನ ಕೊನೆಗೆ ‘ಎ.ಪಿ.ಕೆ.’ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ಅದು ಪತ್ರವಲ್ಲ, ಫೋಟೋವಲ್ಲ, ಒಂದು ಆ್ಯಪ್. ಒತ್ತಿದೊಡನೆ ಅದು ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಹಾಕಿಕೊಳ್ಳಲು, ಎಸ್.ಎಂ.ಎಸ್. ಓದಲು ಅನುಮತಿ ಕೇಳುತ್ತದೆ. ನಾವು ‘ಆಗಲಿ’ ಎಂದರೆ ಮುಗಿಯಿತು. ಮುಂದೆ ಬ್ಯಾಂಕಿನಿಂದ ಬರುವ ಒ.ಟಿ.ಪಿ. ನಮಗಿಂತ ಮೊದಲು ಕಳ್ಳನಿಗೆ ತಲುಪುತ್ತದೆ. ಅಷ್ಟೇ ಅಲ್ಲ, ಅದೇ ಕಡತ ನಮ್ಮ ಹೆಸರಿನಲ್ಲಿ ಬಂಧುಗಳಿಗೂ ಊರವರಿಗೂ ಹೋಗಬಹುದು. ಆದುದರಿಂದ ‘ನಮ್ಮ ಕಾಕಾನ ನಂಬರಿನಿಂದಲೇ ಬಂದಿದೆ’ ಎಂಬುದು ನಂಬಿಕೆಗೆ ಆಧಾರವಾಗಲಾರದು.

ಕಾಂಗ್ರೆಸ್ ಕಸದ ಕಥೆ ತಮಗೆ ಗೊತ್ತೇ ಇದೆ. 1950ರ ದಶಕದ ಮಧ್ಯದಲ್ಲಿ ಅದು ಪುಣೆಯ ಬಳಿ ಕಣ್ಣಿಗೆ ಬಿತ್ತು. ಹೊರದೇಶದಿಂದ ತರಿಸಿದ ಧಾನ್ಯದ ಜೊತೆ ಸೇರಿ ಬಂದಿತೆಂಬುದು ಪ್ರಚಲಿತ ಅಭಿಪ್ರಾಯ. ಯಾರೂ ಅದನ್ನು ಬಿತ್ತಲಿಲ್ಲ. ನಕಲಿ ಆ್ಯಪ್ ಕೂಡ ನಮಗೆ ಬೇಕಾದ ಕಾಳಿನ ರೂಪದಲ್ಲಿ ಬರುವ ಕಸದ ಬೀಜ. ಪಿ.ಎಂ. ಕಿಸಾನ್ ಇ-ಕೆವೈಸಿ ಬಾಕಿಯಿದ್ದರೆ ಗ್ರಾಮ ಒನ್ ಕೇಂದ್ರಕ್ಕೋ ಸಾಮಾನ್ಯ ಸೇವಾ ಕೇಂದ್ರಕ್ಕೋ ಹೋಗಿರಿ, ಇಲ್ಲವೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ. ವಾಟ್ಸಾಪ್‌ನಲ್ಲಿ ಬಂದ ಕಡತದಿಂದ ಮಾಡಬೇಡಿರಿ.

2. ಯು.ಪಿ.ಐ. ಪಿನ್: ಪಿನ್ ಒತ್ತುವುದು ನಮ್ಮ ಖಾತೆಯಿಂದ ಹಣ ಕಳಿಸಲು, ಇಲ್ಲವೇ ಬಾಕಿ ಎಷ್ಟಿದೆ ಎಂದು ನೋಡಲು. ಹಣ ಪಡೆಯಲು ಪಿನ್ ಬೇಕಿಲ್ಲ, ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡುವುದೂ ಬೇಕಿಲ್ಲ. ‘ನಿಮ್ಮ ಎತ್ತು ಕೊಳ್ಳುತ್ತೇನೆ, ಮುಂಗಡ ಕಳಿಸುತ್ತೇನೆ, ಈ ಚಿತ್ರ ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಬೇಕು.

3. ಹೆಬ್ಬೆಟ್ಟು: ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಕೊಟ್ಟು ಊರಿನಲ್ಲೇ ಹಣ ತೆಗೆಯುವ ಸೌಲಭ್ಯ ವೃದ್ಧರಿಗೆ ಬಹಳ ಅನುಕೂಲ. ಆದರೆ 2023ರಲ್ಲಿ ನಮ್ಮ ರಾಜ್ಯದಲ್ಲೇ, ಆಸ್ತಿ ನೋಂದಣಿ ಪತ್ರಗಳ ಪ್ರತಿಯಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಜನರ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಪಿನ್ ಕಳುವಾದರೆ ಬದಲಾಯಿಸಬಹುದು, ಹೆಬ್ಬೆಟ್ಟನ್ನು ಬದಲಾಯಿಸಲಾಗದು. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಪಡಿತರಕ್ಕೋ ಇ-ಕೆವೈಸಿಗೋ ಬೇಕಾದಾಗ ತಾತ್ಕಾಲಿಕವಾಗಿ ತೆರೆಯಬಹುದು. ಹಣ ಕೊಡುವವನು ‘ಹತ್ತಲಿಲ್ಲ, ಇನ್ನೊಮ್ಮೆ ಒತ್ತು’ ಎಂದರೆ, ಮೊದಲ ಸಲದ್ದು ವಿಫಲವಾಗಿದೆ ಎಂಬ ಚೀಟಿ ಕೇಳಿ ಪಡೆದೇ ಎರಡನೆಯ ಸಲ ಒತ್ತಬೇಕು.

4. ಹೆದರಿಸುವ ಕರೆ: ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಆಗಿ ಬಂಧಿಸಲಾಗಿದೆ’ ಎಂದು ಪೊಲೀಸ್ ವೇಷದವನು ವೀಡಿಯೋ ಕರೆ ಮಾಡುತ್ತಾನೆ. ಇಂಥ ಬಂಧನ ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳು ‘ಮನ್ ಕೀ ಬಾತ್’ ರೇಡಿಯೋ ಭಾಷಣದಲ್ಲಿ ಈ ಮೋಸದ ಬಗ್ಗೆ ದೇಶಕ್ಕೆಲ್ಲ ಎಚ್ಚರಿಕೆ ಕೊಟ್ಟರು.

ನಮ್ಮ ಭಾಗದವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಬೀದರ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು, ಹಿಂದಿ ಎಲ್ಲವೂ ಮನೆಯ ಮಾತುಗಳಂತೆ ನಡೆಯುತ್ತವೆ. ಅದು ನಮ್ಮ ಸಂಪತ್ತು. ಆದರೆ ಹಿಂದಿಯಲ್ಲಿ ಬ್ಯಾಂಕಿನ ಹೆಸರು ಹೇಳಿ ಕರೆ ಬಂದರೆ ಬೇರೆ ಕಡೆಯ ರೈತನಿಗೆ ತಟ್ಟನೆ ಬರುವ ಸಂಶಯ ನಮಗೆ ಬರುವುದಿಲ್ಲ. ಸಲೀಸಾಗಿ ಉತ್ತರ ಕೊಟ್ಟುಬಿಡುತ್ತೇವೆ. ಕರೆ ಯಾವ ಭಾಷೆಯಲ್ಲೇ ಬರಲಿ, ಒ.ಟಿ.ಪಿ., ಪಿನ್ ಕೇಳುವವನು ಬ್ಯಾಂಕಿನವನಲ್ಲ.

ಇಂಥ ಕರೆಗಳಿಗೂ ಹಂಗಾಮು ಇದೆ. ಮಿರಗದ ಮಳೆ ಬಿದ್ದು ಬೀಜ ಗೊಬ್ಬರಕ್ಕೆ ಓಡಾಡುವಾಗ ‘ಅರ್ಧ ಬೆಲೆಗೆ ಗೊಬ್ಬರ’ ಎಂಬ ಜಾಹೀರಾತು ಕಾಣುತ್ತದೆ. ವಿಮೆಯ ಕೊನೆಯ ದಿನ ಹತ್ತಿರ ಬಂದಾಗ ‘ಇಂದೇ ಕಟ್ಟಿರಿ’ ಎಂಬ ಕರೆ ಬರುತ್ತದೆ. ಅವಸರದಲ್ಲಿರುವವನು ಪ್ರಶ್ನೆ ಕೇಳುವುದಿಲ್ಲ ಎಂಬುದು ಮೋಸಗಾರನಿಗೆ ಚೆನ್ನಾಗಿ ಗೊತ್ತು. ಅನುಮಾನವಿದ್ದಾಗ ಕಿಸಾನ್ ಕರೆ ಕೇಂದ್ರದ 1800-180-1551 ಸಂಖ್ಯೆಗೆ ಶುಲ್ಕವಿಲ್ಲದೆ ಕರೆ ಮಾಡಿ ಯೋಜನೆಯ ಬಗ್ಗೆ ಕೇಳಬಹುದು.

ಆಟ ಯಾವುದು, ಜೂಜು ಯಾವುದು?

ಇನ್ನು ಆಟದ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಆಡುವುದೆಲ್ಲ ಕೆಟ್ಟದ್ದೆಂಬ ಅಭಿಪ್ರಾಯ ನನ್ನದಲ್ಲ. ಚೌಕಾಬಾರ ಆಡಿ, ಅಳಗುಳಿ ಮಣೆಯ ಮುಂದೆ ಕುಳಿತು ಬೆಳೆದ ಜನ ನಾವು. ಮಗ ಅರ್ಧ ಗಂಟೆ ಫೋನಿನಲ್ಲಿ ಚದುರಂಗ ಆಡಿದರೆ, ಬಣ್ಣದ ಗೋಲಿ ಒಡೆದರೆ ಆಕಾಶ ಕಳಚಿ ಬೀಳುವುದಿಲ್ಲ. ರಾತ್ರಿ ಮಲಗುವ ಕೋಣೆಗೆ ಫೋನು ಹೋಗಬಾರದು, ಯು.ಪಿ.ಐ. ಪಿನ್ ಮಕ್ಕಳಿಗೆ ಗೊತ್ತಿರಬಾರದು. ಪುಕ್ಕಟೆ ಎನ್ನುವ ಆಟದಲ್ಲೂ ಬಂದೂಕು, ಉಡುಪು ಎಂದು ದುಡ್ಡಿಗೆ ಮಾರುವ ಅಂಗಡಿ ಇರುತ್ತದೆ ಎಂಬುದಂತೂ ಹಿರಿಯರಿಗೆ ತಿಳಿದಿರಬೇಕು.

ಹಣ ಕಟ್ಟಿ ಆಡುವ ಆಟದ ಮಾತೇ ಬೇರೆ. ಕೆಲವರು ‘ಒಕ್ಕಲುತನವೂ ಜೂಜೇ ಅಲ್ಲವೇ?’ ಎಂದು ವಾದಿಸುತ್ತಾರೆ. ಅಲ್ಲ. ಮಳೆ ಕೈಕೊಟ್ಟ ವರ್ಷ ನಷ್ಟವಾದರೂ, ಭೂಮಿ ಒಂದು ಕಾಳಿಗೆ ಹಲವು ಕಾಳು ಕೊಡುತ್ತದೆ. ಊರಿಗೆಲ್ಲ ಹೊಸದಾಗಿ ಏನೋ ಹುಟ್ಟುತ್ತದೆ. ಹಣದ ಆಟದಲ್ಲಿ ಹೊಸದಾಗಿ ಏನೂ ಹುಟ್ಟುವುದಿಲ್ಲ. ಒಂದು ಉದಾಹರಣೆಯಿಂದ ಲೆಕ್ಕ ಹಾಕೋಣ. ಹತ್ತು ಜನ ತಲಾ 100 ರೂಪಾಯಿ ಹಾಕಿದರೆಂದು ಇಟ್ಟುಕೊಳ್ಳಿ. ಆಡಿಸುವವನು ಪ್ರತಿ ಸುತ್ತಿಗೆ ನೂರಕ್ಕೆ ಹತ್ತು ಹಿಡಿದುಕೊಂಡರೆ 1000 ರೂಪಾಯಿ ಮೊದಲ ಸುತ್ತಿನಲ್ಲಿ 900 ಆಗುತ್ತದೆ, ಎರಡನೆಯದರಲ್ಲಿ 810, ಮೂರನೆಯದರಲ್ಲಿ 729. ಏಳನೆಯ ಸುತ್ತು ಮುಗಿದಾಗ ಹತ್ತೂ ಜನರ ಕೈಯಲ್ಲಿ ಒಟ್ಟು 478 ರೂಪಾಯಿ ಉಳಿದಿರುತ್ತದೆ. ಗೆದ್ದವನು ಯಾರೇ ಆಗಲಿ, ಅರ್ಧಕ್ಕಿಂತ ಹೆಚ್ಚು ಆಡಿಸುವವನ ಪಾಲಾಯಿತು. ಮೊದಲು ಒಂದೆರಡು ಸಲ ಗೆಲ್ಲುವುದು, ಅನಂತರ ಸೋತದ್ದನ್ನು ಮರಳಿ ಪಡೆಯಲೆಂದು ಇನ್ನಷ್ಟು ಹಾಕುವುದು, ಬೀಜಕ್ಕೆಂದು ತಂದ ಸಾಲ ಅದರಲ್ಲಿ ಕರಗುವುದು, ಇದೇ ಅದರ ಹಾದಿ.

ಈ ಬಗ್ಗೆ ಸರ್ಕಾರಗಳೂ ಹೆಣಗಿವೆ. ನಮ್ಮ ರಾಜ್ಯ ತಂದ ನಿಷೇಧ 2021ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಅನಂತರ ಸಂಸತ್ತು ಇಡೀ ದೇಶಕ್ಕೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಆ ಕಾಯಿದೆಯ ಶಿಕ್ಷೆ ಇರುವುದು ಆಡಿಸುವವರಿಗೆ, ಜಾಹೀರಾತು ಕೊಡುವವರಿಗೆ, ಹಣ ಸಾಗಿಸುವವರಿಗೆ. ಆಡಿ ಕಳೆದುಕೊಂಡವನಿಗೆ ಅಲ್ಲ. ಆದುದರಿಂದ ಮನೆಯಲ್ಲಿ ಯಾರಾದರೂ ಸಿಕ್ಕಿಕೊಂಡಿದ್ದರೆ ಶಿಕ್ಷೆಯ ಭಯದಿಂದ ಮುಚ್ಚಿಡಬೇಕಾಗಿಲ್ಲ. ಲಿಂಕ್ ಕಳಿಸಿ ಕದ್ದುಮುಚ್ಚಿ ಆಡಿಸುವವರು ಕಾಯಿದೆಗೆ ಹೆದರದೆ ಇರಬಹುದು. ಅವರಲ್ಲಿ ಹಾಕಿದ ಹಣಕ್ಕೆ ಯಾವ ಭರವಸೆಯೂ ಇಲ್ಲ.

ಹಣ ಹೋದರೆ ಏನು ಮಾಡಬೇಕು?

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇದೆ. ಫೋನಿನ ಕಳವಿನಲ್ಲಿ ಮಾತ್ರ, ಸೂರೆ ಹೋದ ಮೇಲೂ ಬಾಗಿಲು ಹಾಕಿದರೆ ಪ್ರಯೋಜನವಿದೆ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಾ ಹೋಗುತ್ತದೆ. ಅದು ಎ.ಟಿ.ಎಂ.ನಿಂದ ಹೊರಬೀಳುವ ಮುನ್ನ ದೂರು ತಲುಪಿದರೆ ಬ್ಯಾಂಕುಗಳು ಅದನ್ನು ತಡೆಹಿಡಿಯಲು ಸಾಧ್ಯ.

(ಅ) ತಕ್ಷಣ 1930 ಸಂಖ್ಯೆಗೆ ಕರೆ ಮಾಡಿರಿ. ಎಷ್ಟು ಹಣ, ಯಾವ ಬ್ಯಾಂಕು, ಯಾವ ಸಮಯ, ವ್ಯವಹಾರದ ಸಂಖ್ಯೆ ಏನು ಎಂಬುದನ್ನು ಎಸ್.ಎಂ.ಎಸ್. ನೋಡಿ ಹೇಳಿರಿ.

(ಆ) ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರ ನಿಲ್ಲಿಸಿರಿ, ದೂರಿನ ಸಂಖ್ಯೆ ಬರೆದುಕೊಳ್ಳಿರಿ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಂತೆ, ಗ್ರಾಹಕನ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿದ್ದು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರಿದರೆ ಅವನ ಮೇಲೆ ಹೊಣೆಯಿಲ್ಲ. ಪಿನ್ ಹೇಳಿ ಕೆಟ್ಟಿದ್ದರೂ, ದೂರು ಕೊಟ್ಟ ಮೇಲೆ ಆಗುವ ನಷ್ಟ ಬ್ಯಾಂಕಿನದು.

(ಇ) ಫೋನಿನ ಇಂಟರ್‌ನೆಟ್ ಬಂದ್ ಮಾಡಿ, ಸಂಶಯದ ಆ್ಯಪ್ ತೆಗೆಯಿಸಿರಿ. ಸಂದೇಶಗಳನ್ನು ಅಳಿಸಬೇಡಿರಿ, ಅವು ಸಾಕ್ಷ್ಯ.

(ಈ) ಹತ್ತಿರದ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಡಿರಿ.

ಇವೆಲ್ಲಕ್ಕೂ ಅಡ್ಡ ಬರುವುದು ನಾಚಿಕೆ. ‘ಊರಲ್ಲಿ ಗೊತ್ತಾದರೆ ಮರ್ಯಾದೆ ಏನಾದೀತು’ ಎಂದು ಒಂದು ರಾತ್ರಿ ಸುಮ್ಮನಿದ್ದರೆ, ಮರಳಿ ಸಿಗಬಹುದಾಗಿದ್ದ ಹಣವೂ ಕೈಬಿಡುತ್ತದೆ. ಓದಿದವರು, ಅಧಿಕಾರಿಗಳು, ವೈದ್ಯರು ಕೂಡ ಇಂಥ ಮೋಸಕ್ಕೆ ಸಿಕ್ಕಿದ್ದಾರೆ. ಕೀಡೆ ಬಿದ್ದ ಹೊಲದ ರೈತ ನೆರೆಯವನಿಗೆ ತಿಳಿಸಿದರೆ ನೆರೆಯ ಹೊಲ ಉಳಿಯುತ್ತದೆ. ಇದೂ ಹಾಗೆಯೇ. ಮೋಸ ಹೋದ ಮಗನನ್ನೋ ಮುದುಕಿಯನ್ನೋ ಬೈಯುವ ಮುನ್ನ 1930ಕ್ಕೆ ಕರೆ ಮಾಡಿರಿ. ಬೈಯಲು ಆಮೇಲೆ ಸಮಯವಿದೆ.

ವಿಸ್ತರಣಾ ಕಾರ್ಯಕರ್ತ ಮಿತ್ರರಲ್ಲಿ ಒಂದು ವಿನಂತಿ. ಬೀಜೋಪಚಾರದ ಪ್ರಾತ್ಯಕ್ಷಿಕೆಗೆ ಸೇರಿದ ಜನರಿಗೆ ಕೊನೆಯ ಐದು ನಿಮಿಷ ಎ.ಪಿ.ಕೆ. ಕಡತ ಹೇಗಿರುತ್ತದೆಂದು ತೋರಿಸಿರಿ. ರೈತ ಬಾಂಧವರು ಇಂದು ಮನೆಗೆ ಹೋದ ಕೂಡಲೇ ಫೋನು ಚಾರ್ಜ್‌ಗೆ ಇಡುವ ಗೋಡೆಯ ಮೇಲೆ 1930 ಎಂದು ದೊಡ್ಡದಾಗಿ ಬರೆಯಿರಿ, ಮನೆಯ ಯಾವ ಖಾತೆಗೆ ಯಾವ ನಂಬರು ಇದೆಯೆಂದು ಕುಳಿತು ನೋಡಿರಿ. ಬಿತ್ತನೆಯ ಗಡಿಬಿಡಿ ಶುರುವಾಗುವ ಮೊದಲು ಈ ಎರಡು ಕೆಲಸ ಮುಗಿದಿರಲಿ.